ಗೌರವಧನ

ಹಳೆಯ ಮಿತ್ರರು ಸಿಕ್ಕಾಗ ಎರಡು ಪ್ರಶ್ನೆ ಕೇಳುತ್ತಾರೆ. ಈಗ ಯಾವ ಶಾಲೆಯಲ್ಲಿದ್ದೀರಿ? ಕಥೆ ಬರೆಯುವುದನ್ನು ಯಾಕೆ ನಿಲ್ಲಿಸಿದಿರಿ? ಎರಡಕ್ಕೂ ಉತ್ತರ ಒಂದೇ. ನಾನೀಗ ಯಾವ ಶಾಲೆಯಲ್ಲೂ ಇಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್‌ನ ಒಂದು ಸಗಟು ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಸೂಪರ್ ಮಾರ್ಕೆಟ್ ಎಂದರೆ ಬೆಂಗಳೂರಿನವರು ಗಾಜಿನ ಬಾಗಿಲಿನ ತಣ್ಣನೆಯ ಮಳಿಗೆ ಎಂದುಕೊಳ್ಳುತ್ತಾರೆ. ನಮ್ಮಲ್ಲಿ ಅದು ಒಂದು ಪ್ರದೇಶದ ಹೆಸರು. ತರಕಾರಿ, ಬಟ್ಟೆ, ಪಾತ್ರೆ, ಸಿಟಿ ಬಸ್ಸು, ತಳ್ಳುಗಾಡಿ, ಬಿಸಿಲು ಎಲ್ಲವೂ ಸೇರಿದ ಗದ್ದಲಕ್ಕೆ ಆ ಹೆಸರು.

ನನ್ನ ಊರು ಕಮಲಾಪುರ. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್. ಈಗ ತಾಲ್ಲೂಕು ಕೇಂದ್ರವಾಗಿದೆ, ಆದರೂ ಹೊರಗಿನವರಿಗೆ ಅದು ಕೆಂಪು ಬಾಳೆಹಣ್ಣಿನ ಊರಾಗಿಯೇ ಪರಿಚಯ. ಏಳನೆಯವರೆಗೆ ಉರ್ದು ಶಾಲೆ, ಎಂಟರಿಂದ ಕನ್ನಡ. ಬಿ.ಎ., ಬಿ.ಎಡ್. ಮುಗಿಸಿ 2006ರಲ್ಲಿ ಅನುದಾನವಿಲ್ಲದ ಒಂದು ಖಾಸಗಿ ಶಾಲೆಗೆ ಕನ್ನಡ ಕಲಿಸಲು ಸೇರಿದೆ. ಹದಿನಾಲ್ಕು ವರ್ಷ ಅಲ್ಲಿದ್ದೆ. ಕೊನೆಗೆ ಸಂಬಳ 9,000 ರೂಪಾಯಿ ಮುಟ್ಟಿತ್ತು. ನೇಮಕಾತಿ ಪತ್ರ ಇರಲಿಲ್ಲ. ಒಂದು ಹಾಜರಿ ಪುಸ್ತಕವಿತ್ತು, ಅದರಲ್ಲಿ ನನ್ನ ಸಹಿ ಇತ್ತು, ಪುಸ್ತಕ ಅವರ ಕಪಾಟಿನಲ್ಲಿತ್ತು.

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಒಬ್ಬ ಹಿರಿಯರು ತೀರಿಕೊಂಡರು. ಸೌದಿ ಅರೇಬಿಯಾದಿಂದ ಮರಳಿದ್ದವರು. ಎರಡು ದಿನಗಳ ಬಳಿಕ, ದೇಶದಲ್ಲಿ ಕೊರೊನಾದಿಂದ ಸಂಭವಿಸಿದ ಮೊದಲ ಸಾವು ಅದೇ ಎಂದು ಪ್ರಕಟವಾಯಿತು. ದೇಶಕ್ಕೆ ಲಾಕ್‌ಡೌನ್ ಬರುವ ಮೊದಲೇ ಕಲಬುರಗಿ ಬಾಗಿಲು ಹಾಕಿಕೊಂಡಿತು. ಸೂಪರ್ ಮಾರ್ಕೆಟ್‌ನಲ್ಲಿ ನಾಯಿಗಳು ಮಾತ್ರ ಓಡಾಡುವುದನ್ನು ನಾನು ಕಂಡಿದ್ದು ಜೀವನದಲ್ಲಿ ಅದೇ ಮೊದಲು. ಶಾಲೆ ಏಪ್ರಿಲ್‌ನಲ್ಲಿ ಅರ್ಧ ಸಂಬಳ ಕೊಟ್ಟಿತು, ಮೇ ತಿಂಗಳಿಗೆ ಏನೂ ಇಲ್ಲ. ಜೂನ್‌ನಲ್ಲಿ, "ಕರೆದಾಗ ಬನ್ನಿ ಸರ್" ಎಂದರು. ಕರೆಯಲಿಲ್ಲ. ಶುಲ್ಕ ಬಾರದೆ ಅವರಿಗೂ ಕಷ್ಟವಿತ್ತೆಂಬುದು ನಿಜ. ಆದರೆ ತೆಗೆದಿದ್ದೇವೆ ಎಂದು ಒಂದು ಮಾತು ಹೇಳಿದ್ದರೆ ನಾನು ಆರು ತಿಂಗಳು ಕಾಯುತ್ತಿರಲಿಲ್ಲ.

ಆ ವರ್ಷ ರಾಜ್ಯದಲ್ಲಿ ಎಷ್ಟೋ ಶಿಕ್ಷಕರು ತರಕಾರಿ ಮಾರಿದರು, ನರೇಗಾ ಕೆಲಸಕ್ಕೆ ಹೋದರು. 2021ರ ಜೂನ್‌ನಲ್ಲಿ ಸರಕಾರ ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ 5,000 ರೂಪಾಯಿಯ ಒಂದು ಬಾರಿಯ ನೆರವು ಘೋಷಿಸಿತು. ಒಳ್ಳೆಯ ಕೆಲಸ. ಆದರೆ ಶಾಲೆಯ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಹದಿನಾಲ್ಕು ವರ್ಷ ಪಾಠ ಮಾಡಿದವನಿಗೆ, ತಾನು ಶಿಕ್ಷಕನಾಗಿದ್ದೆ ಎಂದು ತೋರಿಸಲು ಒಂದು ತುಂಡು ಕಾಗದ ಇರಲಿಲ್ಲ. ಅಷ್ಟರಲ್ಲಿ ನಾನು ಅಂಗಡಿಯ ಕೆಲಸಕ್ಕೆ ಸೇರಿಯಾಗಿತ್ತು.

ಒಮ್ಮೆ ಮತ್ತೆ ಶಾಲೆಗೆ ಹೋದೆ. 2023ರ ಜೂನ್‌ನಲ್ಲಿ ಕಮಲಾಪುರ ತಾಲ್ಲೂಕಿನ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ಸಮಾಜ ವಿಜ್ಞಾನಕ್ಕೆ ಅತಿಥಿ ಶಿಕ್ಷಕನಾಗಿ ಆಯ್ಕೆಯಾದೆ. ತಿಂಗಳಿಗೆ 10,000 ರೂಪಾಯಿ. ಅಂಗಡಿಯ ಮಾಲಕರು ದೊಡ್ಡ ಮನಸ್ಸು ಮಾಡಿ, "ಸಂಜೆ ಬಂದು ಲೆಕ್ಕ ನೋಡ್ರಿ ಸಾಬ್" ಎಂದರು. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಆ ಜೂನ್‌ನಲ್ಲೇ ಶಕ್ತಿ ಯೋಜನೆ ಆರಂಭವಾಗಿತ್ತು. ಬಸ್ಸು ತುಂಬ ಹೆಣ್ಣುಮಕ್ಕಳು, ಟಿಕೆಟ್‌ಗೆ ದುಡ್ಡು ತೆಗೆಯುತ್ತಿದ್ದವನು ಹೆಚ್ಚುಕಡಿಮೆ ನಾನೊಬ್ಬನೇ. ನನ್ನ ಹೆಂಡತಿಗೆ ಇದು ಇವತ್ತಿಗೂ ನಗುವ ವಿಷಯ.

ಅತಿಥಿ ಶಿಕ್ಷಕರಿಗೆ ಕೊಡುವ ಹಣಕ್ಕೆ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಈ ಪದವನ್ನು ಯಾರು ಹುಡುಕಿದರೋ. ಸಂಬಳ ಎಂದರೆ ರಜೆ, ಭವಿಷ್ಯನಿಧಿ, ಪಿಂಚಣಿ ಎಲ್ಲ ಹಿಂದೆ ಬರುತ್ತವೆ. ಗೌರವಧನದ ಹಿಂದೆ ಏನೂ ಬರುವುದಿಲ್ಲ. ಬೇಸಿಗೆ ರಜೆಯಲ್ಲಿ ಗೌರವವೂ ಇಲ್ಲ, ಧನವೂ ಇಲ್ಲ. ನನ್ನ ಗೌರವಧನ ನಾಲ್ಕು ತಿಂಗಳದ್ದು ಒಟ್ಟಿಗೆ ಬಂತು. ಮುಂದೆ 2025–26ರ ಬಜೆಟ್‌ನಲ್ಲಿ ಅದನ್ನು 2,000 ರೂಪಾಯಿ ಹೆಚ್ಚಿಸಿದರು, ಆದರೆ ಹೆಸರು ಬದಲಾಗಲಿಲ್ಲ.

ಆ ಕೆಲಸ ಹೋದದ್ದು ಒಂದು ಒಳ್ಳೆಯ ಕಾರಣಕ್ಕೆ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಪರೀಕ್ಷೆ ನಡೆದಿತ್ತು. ಅದರಲ್ಲಿ 5,000 ಹುದ್ದೆ ನಮ್ಮ ಕಲ್ಯಾಣ ಕರ್ನಾಟಕದ್ದು. ಆಯ್ಕೆಯಾದ ಒಬ್ಬ ಹುಡುಗಿ ನನ್ನ ಜಾಗಕ್ಕೆ ಬಂದಳು. ಕಾಯಂ ಶಿಕ್ಷಕರು ಬಂದರೆ ಅತಿಥಿ ಏಳಬೇಕು, ಅದು ನಿಯಮ. ಆಕೆಗೆ ಹಾಜರಿ ಪುಸ್ತಕ, ಭೂಪಟಗಳು, ಯಾವ ಮಗುವಿಗೆ ಹಿಂದಿನ ಬೆಂಚಿನಿಂದ ಕರಿಹಲಗೆ ಕಾಣುವುದಿಲ್ಲ ಎಂಬ ವಿವರ ಎಲ್ಲ ಒಪ್ಪಿಸಿ ಬಂದೆ. ಮಕ್ಕಳಿಗೆ ಕಾಯಂ ಶಿಕ್ಷಕಿ ಸಿಕ್ಕಿದ್ದಕ್ಕೆ ಸಂತೋಷವಾಯಿತು. ಅಂದು ರಾತ್ರಿ ಊಟ ಸೇರಲಿಲ್ಲ ಎಂಬುದೂ ಅಷ್ಟೇ ನಿಜ.

ಶಾಲೆಯಿಂದ ನನ್ನೊಂದಿಗೆ ಅಂಗಡಿಗೆ ಬಂದಿದ್ದು ಹಾಡು ಮಾತ್ರ. ಅಬ್ಬಾ ಮೊಹರಮ್‌ನಲ್ಲಿ ರಿವಾಯತ್ ಪದ ಹಾಡುತ್ತಿದ್ದರು, ಕನ್ನಡದಲ್ಲಿ. ಕರ್ಬಲಾದ ಕಥೆಗೆ ಹಲಗೆಯ ಪೆಟ್ಟು. ಹಿಮ್ಮೇಳದಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಲಿಂಗಾಯತರು, ಕುರುಬರು. ಸಂಗೀತದ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿವೆ, ಆ ಚರ್ಚೆಗೆ ನಾನು ಅರ್ಹನಲ್ಲ. ಆದರೆ 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇ ನವಾಜರು ಚಿಶ್ತಿ ಪರಂಪರೆಯವರು. ಅವರ ನೆಲದಲ್ಲಿ ಬೆಳೆದ ಕಿವಿಯನ್ನು ನಾನು ಎಲ್ಲಿ ಬಚ್ಚಿಡಲಿ?

ದಖನಿ ಮಾತನಾಡುವ ಮನೆಗಳ ಮಕ್ಕಳಿಗೆ ಕನ್ನಡದ ಳ ಮತ್ತು ಣ ಕಷ್ಟ. "ನಮ್ಮ ಹಳ್ಳಿ ಚೆಂದ" ಎಂದು ಓದಲು ಹೇಳಿದರೆ, "ನಮ್ಮ ಹಲ್ಲಿ ಚೆಂದ" ಎಂದು ಓದುತ್ತಾರೆ. ಎಷ್ಟು ತಿದ್ದಿದರೂ ಮರುದಿನ ಮತ್ತೆ ಹಲ್ಲಿಯೇ. ಆಗ ಅಬ್ಬಾನ ಹಲಗೆಯ ಲಯಕ್ಕೆ ಹಳ್ಳಿ, ಬಳ್ಳಿ, ಕಣ್ಣು, ಹಣ್ಣು ಎಂದು ಕುಣಿಸತೊಡಗಿದೆ. ನಾಲಿಗೆ ತಾನಾಗಿ ಹಿಂದಕ್ಕೆ ಮಡಚಿತು. ಮಾತಿನಲ್ಲಿ ತಪ್ಪುವ ಅಕ್ಷರ ಹಾಡಿನಲ್ಲಿ ಯಾಕೆ ತಪ್ಪುವುದಿಲ್ಲವೋ ಭಾಷಾಶಾಸ್ತ್ರಜ್ಞರು ಹೇಳಬೇಕು.

ನಮ್ಮ ಅಂಗಡಿಗೆ ಮಾಲು ಹೊರುವ ಹಮಾಲರೊಬ್ಬರು ಆಳಂದ ಕಡೆಯವರು, ಐವತ್ತು ದಾಟಿದವರು. ಭಜನಾ ಮೇಳದಲ್ಲಿ ಹಾಡುತ್ತಾರೆ. ಕಡಕೋಳ ಮಡಿವಾಳಪ್ಪನವರ ಪದಗಳು, ಅದೇ ಪರಂಪರೆಯ ಚನ್ನೂರ ಜಲಾಲಸಾಹೇಬರ ಪದಗಳು, ರಾತ್ರಿಯಿಡೀ ಹಾಡುವಷ್ಟು ಬಾಯಿಪಾಠ. ಅಕ್ಷರ ಮಾತ್ರ ಬರುವುದಿಲ್ಲ. ಒಂದು ಸಂಜೆ ಕೇಳಿದರು: "ಸರ, ಅಕ್ಷರ ಕಲತ್ರ ಪದ ಮರೀತದ ಅಂತಾರ, ಖರೇ ಏನ್ರಿ?" ನೋಡೋಣ ಎಂದೆ. ಅವರು ಹಾಡಿದ್ದನ್ನು ಹಳೆಯ ಲೆಕ್ಕದ ಪುಸ್ತಕದ ಖಾಲಿ ಹಾಳೆಗಳಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ. ಅದನ್ನೇ ಪಠ್ಯ ಮಾಡಿದೆ. ಶಟರ್ ಎಳೆಯುವ ಮೊದಲು ಅರ್ಧ ಗಂಟೆ. ಒಂದು ತೊಡಕಿತ್ತು. ಮೊದಲ ಪದ ಕಂಡೊಡನೆ ಇಡೀ ಸಾಲನ್ನು ನೆನಪಿನಿಂದ ಹೇಳಿಬಿಡುತ್ತಿದ್ದರು, ಕಣ್ಣು ಗೋಡೆಯ ಮೇಲೆ! ಆಮೇಲೆ ಸಾಲಿನ ಮೇಲೆ ರಟ್ಟು ಮುಚ್ಚಿ, ಒಂದೊಂದೇ ಪದ ತೆರೆದು ತೋರಿಸಿದೆ. ಅದೂ ಸಾಲದೆ ಪದಗಳನ್ನು ಹಿಂದುಮುಂದು ಬರೆದೆ. ಈಗ ಸೂಪರ್ ಮಾರ್ಕೆಟ್‌ನ ಸಿಟಿ ಬಸ್ಸುಗಳ ಫಲಕ ಓದುತ್ತಾರೆ. ಒತ್ತಕ್ಷರದಲ್ಲಿ ಇನ್ನೂ ಎಡವುತ್ತಾರೆ. ಪದ ಒಂದೂ ಮರೆತಿಲ್ಲ.

ಇನ್ನು ಮನೆಯ ವಿಷಯ. ಹೆಂಡತಿ ಬಟ್ಟೆ ಹೊಲಿಯುತ್ತಾಳೆ, ಸೀರೆಗೆ ಫಾಲ್ ಹಚ್ಚುತ್ತಾಳೆ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದಾಗ ಅದನ್ನು ಮುಟ್ಟದೆ ಓಣಿಯ ಚೀಟಿಗೆ ಕಟ್ಟುತ್ತಾಳೆ. ಮಗಳು ಬಿ.ಎ. ಮುಗಿಸಿದ್ದಾಳೆ. ಮುಂದೆ ಬಿ.ಎಡ್. ಮಾಡುತ್ತೇನೆ ಎನ್ನುತ್ತಾಳೆ. ನಾನು ಬೇಡವೆಂದೆ. ಕಂಪ್ಯೂಟರ್ ಕಲಿ, ಬ್ಯಾಂಕ್ ಪರೀಕ್ಷೆ ಬರೆ, ನಿನ್ನ ಅಬ್ಬಾನನ್ನು ನೋಡಿಯೂ ಈ ದಾರಿ ಯಾಕೆ ಎಂದೆ. ಅವಳು 2022ರ ಮಾತು ತೆಗೆದಳು.

ಆ ವರ್ಷ ಅವಳು ಮೊದಲ ಪಿಯುಸಿ. ಫೆಬ್ರವರಿ 5ರಂದು ಸಮವಸ್ತ್ರದ ಸರಕಾರಿ ಆದೇಶ ಬಂತು, ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು, ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಎರಡು ಅಭಿಪ್ರಾಯ. ಇದೆಲ್ಲ ಎಲ್ಲರಿಗೂ ಗೊತ್ತು. ಮನೆಯಲ್ಲಿ ನಮಗೆ ಗೊತ್ತಿದ್ದದ್ದು, ಮಗಳು ಕೆಲವು ದಿನ ಹೋಗಲಿಲ್ಲ, ಆಮೇಲೆ ಹೋದಳು, ಬಂದ ಮೇಲೆ ಮಾತು ಕಡಿಮೆಯಾಯಿತು ಎಂಬುದಷ್ಟೇ. ಗೇಟಿನ ಬಳಿ ಏನಾಯಿತೆಂದು ಅವಳು ಆಗ ಹೇಳಿರಲಿಲ್ಲ. ಈಗ ಹೇಳಿದಳು.

"ಗೇಟಲ್ಲಿ ನಿಲ್ಲಿಸಿದ್ದು ನಮ್ಮ ಹಿಸ್ಟರಿ ಮೇಡಂ, ಅಬ್ಬಾ. ನನ್ನ ಬಹಳ ಇಷ್ಟಪಡ್ತಿದ್ದರು. ತೆಗೆದು ಒಳಗೆ ಬಾ ಅಂದರು, ನನ್ನ ಮುಖ ನೋಡಲಿಲ್ಲ, ನೆಲ ನೋಡಿ ಅಂದರು. ಅವರು ಗೆಸ್ಟ್ ಇದ್ದರು. ಕಾಯಂ ಇದ್ದವರು ಸ್ಟಾಫ್ ರೂಮಲ್ಲಿದ್ದರು. ಗೇಟಿಗೆ ಗೆಸ್ಟನ್ನೇ ಕಳಿಸ್ತಾರೆ."

ನಾನು ಬಹಳ ಹೊತ್ತು ಸುಮ್ಮನಿದ್ದೆ. ನೌಕರಿ ಹೋದ ಶಿಕ್ಷಕನ ಹೊಟ್ಟೆಯ ಬಗ್ಗೆ ನಾವೆಲ್ಲ ಮಾತನಾಡುತ್ತೇವೆ, ನಾನೂ ಇಷ್ಟು ಹೊತ್ತು ಅದನ್ನೇ ಹೇಳಿದೆ. ನೌಕರಿ ಇನ್ನೂ ಇರುವ, ಆದರೆ ನಾಳೆ ಹೋಗಬಹುದಾದ ಶಿಕ್ಷಕನ ನಾಲಿಗೆಯ ಬಗ್ಗೆ ಯಾರೂ ಮಾತನಾಡುವುದಿಲ್ಲ. ಹತ್ತು ತಿಂಗಳ ಅತಿಥಿ ಯಾವ ಮಗುವಿನ ಪರವಾಗಿ, ಯಾರ ಎದುರು ನಿಲ್ಲಬಲ್ಲ? 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ಶೇಕಡಾ 42.43ರೊಂದಿಗೆ ರಾಜ್ಯದಲ್ಲೇ ಕೊನೆಗೆ ನಿಂತಿತು. ಮಕ್ಕಳು ದಡ್ಡರು, ಪಾಲಕರು ಅನಕ್ಷರಸ್ಥರು ಎಂದು ಟಿ.ವಿ.ಯಲ್ಲಿ ಚರ್ಚೆ ನಡೆಯಿತು. ಖಾಲಿ ಹುದ್ದೆಗಳನ್ನು ವರ್ಷ ವರ್ಷ ಅತಿಥಿಗಳಿಂದ ತುಂಬಿಸಿ, ಅವರ ಹೆಸರು ಮಕ್ಕಳ ಬಾಯಿಗೆ ಹತ್ತುವಷ್ಟರಲ್ಲಿ ಮನೆಗೆ ಕಳಿಸುವ ಲೆಕ್ಕ ಆ ಚರ್ಚೆಯಲ್ಲಿ ಬರಲಿಲ್ಲ. ನಾನು ಲೆಕ್ಕ ಬರೆಯುವವನು, ಈ ಕಲಮು ಬಿಟ್ಟರೆ ಮೊತ್ತ ಹೊಂದುವುದಿಲ್ಲವೆಂದು ಖಂಡಿತ ಹೇಳಬಲ್ಲೆ.

ಮಗಳದ್ದು ಒಂದೇ ಹಟ: ಸಿಇಟಿ, ಟಿಇಟಿ ಎಲ್ಲ ಬರೆದು ಕಾಯಂ ಆಗಿಯೇ ಹೋಗುತ್ತೇನೆ, ಅತಿಥಿಯಾಗಿ ಹೋಗುವುದಿಲ್ಲ. ನನ್ನ ತಾಯಿ ಮೂಲೆಯಲ್ಲಿ ತಸ್ಬೀಹ್ ಎಣಿಸುತ್ತಿದ್ದವರು ಎಣಿಕೆ ನಿಲ್ಲಿಸಿ, "ಓದಲಿ ಬಿಡೋ" ಎಂದರು. ಹೆಂಡತಿ ಚೀಟಿ ಎತ್ತಿದಳು. ಮೊದಲ ಕಂತಿಗೆ ಅದು ಸಾಕು. ಎರಡನೆಯದಕ್ಕೆ ಮಾಲಕರ ಬಳಿ ಮುಂಗಡ ಕೇಳಿದ್ದೇನೆ. ತೊಗರಿ ಸುಗ್ಗಿ ಮುಗಿಯಲಿ, ನೋಡೋಣ ಎಂದಿದ್ದಾರೆ.