ಫರೀದಾಬಾದ್: ತಡವಾಗಿ ತಿಳಿದ ಸಂಗತಿಗಳು



ನಿಮ್ಮಲ್ಲಿ ಅನೇಕರು ಹುಟ್ಟಿ ಬೆಳೆದದ್ದು ಫರೀದಾಬಾದಿನಲ್ಲಿ. ಆದರೆ "ನಿಮ್ಮೂರು ಯಾವುದು?" ಎಂದು ಯಾರಾದರೂ ಕೇಳಿದರೆ ತಡವರಿಸುತ್ತೀರಿ. ಅಪ್ಪನ ಊರು ಹಾಸನವೋ ಧಾರವಾಡವೋ ಹೇಳಿ, ಈ ಊರಿನ ವಿಷಯವನ್ನು "ಬರೀ ಕಾರ್ಖಾನೆ, ಧೂಳು" ಎಂದು ಮುಗಿಸಿಬಿಡುತ್ತೀರಿ. ನಾನೂ ಬಹಳ ವರ್ಷ ಹಾಗೆಯೇ ಹೇಳಿಕೊಂಡು ಬಂದವನು. ದಿನಾ ಕಣ್ಣೆದುರಿಗಿದ್ದ ಸಂಗತಿಗಳು ನನಗೆ ತಿಳಿಯುವ ಹೊತ್ತಿಗೆ ತಲೆಗೂದಲು ನರೆತಿತ್ತು. ನಿಮಗಾದರೂ ಬೇಗ ತಿಳಿಯಲಿ ಎಂದು ಈ ನಾಲ್ಕು ಮಾತು.

ಮೊದಲು ಹೆಸರಿನಿಂದಲೇ ತೊಡಗೋಣ. ಜಹಾಂಗೀರ್ ಬಾದಶಹನ ಖಜಾಂಚಿಯಾಗಿದ್ದ ಶೇಖ್ ಫರೀದ್ 1607ರಲ್ಲಿ ಹೆದ್ದಾರಿಯ ರಕ್ಷಣೆಗೆಂದು ಕಟ್ಟಿಸಿದ ಊರಿದು. ನಮ್ಮ ಸಂಘದಲ್ಲಿ ರಸೀದಿ ಪುಸ್ತಕ ಹಿಡಿದು ಚಂದಾ ಕೇಳಲು ಬರುವವರನ್ನೂ ನಾವು ಖಜಾಂಚಿ ಎಂದೇ ಕರೆಯುತ್ತೇವೆ, ನೋಡಿ! ಆ ಹೆದ್ದಾರಿಯೇ ಇಂದಿನ ಮಥುರಾ ರಸ್ತೆ. ಊರಿನಲ್ಲಿ ಇನ್ನೂ ಉಳಿದಿರುವ ಕೋಸ್ ಮಿನಾರ್‌ಗಳು ಮೊಗಲರ ಕಾಲದ ಮೈಲಿಗಲ್ಲುಗಳು. ಈಗ ಅದಕ್ಕೆ ರಾಷ್ಟ್ರೀಯ ಹೆದ್ದಾರಿ 44 ಎಂದು ಹೆಸರು. ದಕ್ಷಿಣಕ್ಕೆ ಮುಖ ಮಾಡಿ ಅದೇ ರಸ್ತೆ ಹಿಡಿದು ಹೊರಟರೆ ಆಗ್ರಾ, ಝಾನ್ಸಿ, ನಾಗಪುರ, ಹೈದರಾಬಾದ್, ಕರ್ನೂಲು ದಾಟಿ ಚಿಕ್ಕಬಳ್ಳಾಪುರ, ಆಮೇಲೆ ಬೆಂಗಳೂರು. ಊರಿಗೆ ಹೋಗುವ ದಾರಿ ಇಷ್ಟು ಹತ್ತಿರದಲ್ಲಿತ್ತು!

ಇನ್ನು ಎನ್‌ಐಟಿ. ಬಂದ ಹೊಸದರಲ್ಲಿ ಆಟೋದವನು "ಎನ್‌ಐಟಿ, ಎನ್‌ಐಟಿ" ಎಂದು ಕೂಗುವುದನ್ನು ಕೇಳಿ, ಇಲ್ಲೊಂದು ದೊಡ್ಡ ಕಾಲೇಜು ಇರಬೇಕೆಂದು ತಿಳಿದಿದ್ದೆ. ಅದು ನ್ಯೂ ಇಂಡಸ್ಟ್ರಿಯಲ್ ಟೌನ್‌ಶಿಪ್. ದೇಶ ವಿಭಜನೆಯ ನಂತರ ವಾಯವ್ಯ ಗಡಿ ಪ್ರಾಂತದಿಂದ ಬಂದ ಸುಮಾರು 30 ಸಾವಿರ ನಿರಾಶ್ರಿತರಿಗಾಗಿ 1949ರ ಸುಮಾರಿಗೆ ತೊಡಗಿದ ಬಡಾವಣೆ. ಕಂತ್ರಾಟುದಾರರ ಬದಲು ಆ ಜನರೇ ಸಹಕಾರ ಸಂಘ ಕಟ್ಟಿಕೊಂಡು, ಇಟ್ಟಿಗೆ ಹೊತ್ತು ತಮ್ಮ ಮನೆಗಳನ್ನು ತಾವೇ ಕಟ್ಟಿದರು. ಯುದ್ಧದಲ್ಲಿ ಸೋತ ಜರ್ಮನಿಯಿಂದ ಪರಿಹಾರವಾಗಿ ಬಂದ ಡೀಸೆಲ್ ವಿದ್ಯುತ್ ಯಂತ್ರವೊಂದು ಕಲ್ಕತ್ತೆಯ ಬಂದರಿನಲ್ಲಿ ಬಿದ್ದಿತ್ತು. ಅದನ್ನು ತಂದು ಇಲ್ಲಿ ಜೋಡಿಸಿದ್ದೂ ಅವರೇ. 1951ರಲ್ಲಿ ನೆಹರೂ ಬಂದು ಅದಕ್ಕೆ ಚಾಲನೆ ಕೊಟ್ಟರು.

ನಿರಾಶ್ರಿತರೇ ಊರು ಕಟ್ಟಲಿ ಎಂದು ಪಟ್ಟು ಹಿಡಿದವರು ಯಾರು ಗೊತ್ತೆ? ಇಂಡಿಯನ್ ಕೋ-ಆಪರೇಟಿವ್ ಯೂನಿಯನ್ನಿನ ಕಮಲಾದೇವಿ ಚಟ್ಟೋಪಾಧ್ಯಾಯ. 1903ರಲ್ಲಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು. ಮುಂದೆ ಸರ್ಕಾರಿ ಇಲಾಖೆಗಳ ಹಿಡಿತ ಬಿಗಿಯಾಗಿ ಆ ಸಹಕಾರದ ಕನಸು ಸೊರಗಿತು. ಆದರೆ ಊರು ಉಳಿಯಿತು. ನೀವು ಐದು ನಂಬರಿನ ಮಾರ್ಕೆಟ್ಟಿನಲ್ಲಿ ತರಕಾರಿ ಕೊಳ್ಳುವಾಗ ಆ ಮಂಗಳೂರಿನ ಹೆಣ್ಣುಮಗಳ ನೆನಪಾದರೆ ಒಳ್ಳೆಯದು.

ಇವನ್ನೆಲ್ಲ ನಾನು ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. ನಮ್ಮ ಪಕ್ಕದ ಮನೆಯಲ್ಲೇ ಒಬ್ಬ ವೃದ್ಧರಿದ್ದರು. ನಾವೆಲ್ಲ ಬಾವೂಜಿ ಎನ್ನುತ್ತಿದ್ದೆವು. ಮೊದಲ ಭೇಟಿಯಲ್ಲಿ ಅವರು "ನಾವು ಬನ್ನೂ ಕಡೆಯವರು" ಎಂದಾಗ ನನಗೆ ಕೇಳಿಸಿದ್ದು ಬನ್ನೂರು! "ಹಾಗಾದರೆ ಮೈಸೂರಿಗೆ ಹತ್ತಿರ, ಕುರಿಗೆ ಹೆಸರಾದ ಊರು" ಎಂದು ಹಿಗ್ಗಿದೆ. ಅವರು ಮನಸಾರೆ ನಕ್ಕರು. ಅವರ ಬನ್ನೂ ಇರುವುದು ಅಫಘಾನಿಸ್ತಾನದ ಗಡಿಯ ಹತ್ತಿರ, ಪಾಕಿಸ್ತಾನದಲ್ಲಿ. ಆಮೇಲೆ ಹತ್ತಾರು ವರ್ಷ ಬೇಲಿಯಾಚೆಯಿಂದ ನಮಸ್ಕಾರ, ಹೋಳಿಗೆ ಒಂದು ತಟ್ಟೆ ಸಿಹಿ, ಅಷ್ಟೇ. ಏನನ್ನೂ ಕೇಳಲಿಲ್ಲ.

ಅವರು ತೀರಿಕೊಂಡಾಗ ಮಗ ಹೇಳಿದ: "ಅಪ್ಪ ಹುಡುಗನಾಗಿದ್ದಾಗ ಇದೇ ಬೀದಿಗೆ ಇಟ್ಟಿಗೆ ಹೊತ್ತವರು. ಕೊನೆಗೆ ಅವರ ಬನ್ನೂವಾಲಿ ಮಾತನ್ನು ಆಡಲು ಮನೆಯಲ್ಲಿ ಯಾರೂ ಇರಲಿಲ್ಲ. ನಮಗೆಲ್ಲ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ."

ಆ ಕೊನೆಯ ಮಾತು ನನಗೆ ನಾಟಿತು. ಏಕೆಂದರೆ ನಿಮ್ಮ ಬಾಯಿಂದ ಎಷ್ಟು ಸಲ ಅದನ್ನೇ ಕೇಳಿದ್ದೇನೆ!

ನಾವು "ಇಲ್ಲಿಯವರು" ಎಂದುಕೊಂಡ ಅವರೂ ನಮ್ಮ ಹಾಗೆಯೇ ಬೇರೆಡೆಯಿಂದ ಬಂದವರು. ವ್ಯತ್ಯಾಸ ಒಂದೇ: ನಮಗೆ ರಜೆಯಲ್ಲಿ ಹೋಗಲು ಊರಿದೆ, ಅವರಿಗೆ ಹಿಂತಿರುಗುವ ದಾರಿ ಇರಲಿಲ್ಲ. ಹಾಗಿದ್ದೂ ಈ ಊರನ್ನು ತಮ್ಮದಾಗಿ ಮಾಡಿಕೊಂಡರು.

ನಿಮ್ಮಲ್ಲಿ ನನ್ನದೊಂದು ವಿನಂತಿ. ಈ ಭಾನುವಾರ ನೆರೆಮನೆಯ ಹಿರಿಯರನ್ನು ಒಂದು ಪ್ರಶ್ನೆ ಕೇಳಿ. ಹಾಗೆಯೇ ನಿಮ್ಮ ಅಪ್ಪನನ್ನೂ ಕೇಳಿ: ಮೊದಲ ದಿನ ಯಾವ ರೈಲಿನಲ್ಲಿ ಇಳಿದಿರಿ, ಕೈಯಲ್ಲಿ ಏನಿತ್ತು, ಮೊದಲ ರಾತ್ರಿ ಎಲ್ಲಿ ಮಲಗಿದಿರಿ? ಕನ್ನಡದಲ್ಲೇ ಕೇಳಿ, ತಪ್ಪಾದರೂ ಚಿಂತೆಯಿಲ್ಲ. ನನ್ನ ಬಾವೂಜಿಯನ್ನು ಕೇಳುವ ಅವಕಾಶ ನನಗೆ ಕೈತಪ್ಪಿತು. ನಿಮಗೆ ತಪ್ಪದಿರಲಿ.