ಕಡಲೂರಿನ ಮಾಲ್

ಥಾಯ್ಲೆಂಡಿನ ಪಟ್ಟಾಯದಲ್ಲಿ 2018ರ ಅಕ್ಟೋಬರ್‌ನಲ್ಲಿ ಟರ್ಮಿನಲ್ 21 ಮಾಲ್ ತೆರೆಯಿತು. ವಿಮಾನ ನಿಲ್ದಾಣದ ವೇಷ ಹಾಕಿದ ಕಟ್ಟಡ. ಹೊರಗೇ ಒಂದು ವಿಮಾನ ನಿಂತಿದೆ. ಒಳಗೆ ಮಹಡಿಗೊಂದು ಲೋಕ: ಪ್ಯಾರಿಸ್, ಲಂಡನ್, ಇಟಲಿ, ಟೋಕಿಯೊ, ಸ್ಯಾನ್ ಫ್ರಾನ್ಸಿಸ್ಕೊ, ಹಾಲಿವುಡ್. ಸಮುದ್ರ ನೋಡೋಕೆ ಅಂತ ವಿಮಾನ ಹತ್ತಿ ಹೋದ ನಮ್ಮವರು ಅಲ್ಲಿ ನಕಲಿ ಐಫೆಲ್ ಗೋಪುರದ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ತಾರೆ!

ನಗು ಬರುತ್ತೆ ನಿಜ. ಆದ್ರೆ ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಆ ಮರಳಿನ ಮೇಲೆ ಎಷ್ಟು ಹೊತ್ತು ನಿಲ್ಲೋಕಾಗುತ್ತೆ? ಸೆಪ್ಟೆಂಬರ್ ಬಂದರೆ ಮಳೆ. ಬೀಚ್ ಇರೋದು ಬೆಳಗ್ಗೆಗೆ, ಸಂಜೆಗೆ. ನಡುವಿನ ಹೊತ್ತನ್ನು ಮಾರಿಕೊಳ್ಳೋದು ಮಾಲ್. ಅಲ್ಲಿ ನಿಜವಾಗಿ ಬಿಕರಿಯಾಗೋ ಸರಕು ಏಸಿ ಗಾಳಿ ಮತ್ತು ಶುಚಿಯಾದ ಶೌಚಾಲಯ. ಬಟ್ಟೆ, ಬ್ಯಾಗು ಆಮೇಲಿನ ಮಾತು. ಅಲ್ಲಿನ ಫುಡ್ ಕೋರ್ಟ್ 'ಪಿಯರ್ 21' ಅಗ್ಗದ ಊಟಕ್ಕೇ ಹೆಸರುವಾಸಿ. ಹಾಗಾಗಿ ಪ್ರವಾಸಿಗರ ಜೊತೆ ಊರವರೂ ತಟ್ಟೆ ಹಿಡಿದು ಕೂರುತ್ತಾರೆ.

1960ರ ದಶಕಕ್ಕೆ ಮುಂಚೆ ಪಟ್ಟಾಯ ಮೀನುಗಾರರ ಹಳ್ಳಿ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರು ರಜೆ ಕಳೆಯಲು ಬಂದ ಮೇಲೆ ಅದರ ಹಣೆಬರಹವೇ ಬದಲಾಯಿತು. ಬಂದವರ ರುಚಿಗೆ ತಕ್ಕಂತೆ ವೇಷ ಬದಲಿಸೋದು ಆ ಊರಿಗೆ ಹೊಸದೇನಲ್ಲ.

ಹೋದರೆ ಮಾಲ್‌ಗೂ ಹೋಗಿ, ತಪ್ಪಿಲ್ಲ. ಬಿಸಿಲು ಇಳಿದ ಮೇಲೆ ಮಾತ್ರ ಅಲ್ಲೇ ಕೂರಬೇಡಿ.