ಡಿಕ್ಕಿ ತೆರೆಯದಿದ್ದರೆ ಮೊದಲು ವಯರು ನೋಡಿ



ಈಗಿನ ಅನೇಕ ಕಾರುಗಳ ಡಿಕ್ಕಿಗೆ ಕೀಲಿಕೈ ಹಾಕುವ ತೂತೇ ಇಲ್ಲ. ನಂಬರ್ ಪ್ಲೇಟಿನ ಮೇಲಿನ ಗುಂಡಿ ಒತ್ತಿದರೆ ಒಳಗಿನ ಪುಟ್ಟ ಮೋಟಾರು ತಿರುಗಿ ಲಾಕ್ ಬಿಡುತ್ತದೆ. ಕರೆಂಟು ಬಾರದಿದ್ದರೆ ಎಷ್ಟು ಎಳೆದರೂ ತೆರೆಯುವುದಿಲ್ಲ.

ನಾವು ಯುವಜನರು ಸರದಿಯಂತೆ ಓಡಿಸುವ ಹಳೆಯ ಕಾರಿಗೆ ಮಳೆಗಾಲದಲ್ಲಿ ಹೀಗಾಯಿತು. ನಮ್ಮ ವಾಳೆಯ ಅಜ್ಜಿಯೊಬ್ಬರನ್ನು ಕಾಸರಗೋಡಿನಿಂದ ಮಂಗಳೂರಿಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವುದು ಅದರಲ್ಲೇ. ಅವರ ಗಾಲಿಕುರ್ಚಿ ಡಿಕ್ಕಿಯೊಳಗೆ ಉಳಿಯಿತು. ಅಂದು ಶನಿವಾರ ಸಂಜೆ. ಸೋಮವಾರ ಬೆಳಿಗ್ಗೆ ಹೊರಡಬೇಕು. ಡಯಾಲಿಸಿಸ್ ಮುಂದೆ ಹಾಕುವಂಥದ್ದಲ್ಲ. "ಕುರ್ಚಿ ಇಲ್ಲದಿದ್ದರೆ ನನ್ನನ್ನು ಎತ್ತಿಕೊಂಡೇ ಹೋಗ್ಬೇಕಷ್ಟೆ, ಮಕ್ಕಳೇ" ಎಂದು ಅಜ್ಜಿ ನಗುತ್ತಲೇ ಹೇಳಿದರು. ನಮಗೆ ನಗು ಬರಲಿಲ್ಲ. ಒಂದು ಗ್ಯಾರೇಜಿನಲ್ಲಿ, ಇಡೀ ಲಾಕ್ ಬದಲಿಸಬೇಕು, ಅದು ಬರಲು ವಾರ ಬೇಕು ಎಂದರು.

ದುಡ್ಡು ಹಾಕುವ ಮೊದಲು ನಾವೇ ಒಮ್ಮೆ ನೋಡುವುದೆಂದು ಕುಳಿತೆವು. ಮೊದಲು ಫ್ಯೂಸ್ ತೆಗೆದು ಮೀಟರ್ ಹಿಡಿದೆವು, ಸರಿ ಇತ್ತು. ನಾಲ್ಕೂ ಬಾಗಿಲುಗಳ ಲಾಕ್ ಚೆನ್ನಾಗಿತ್ತು. ಆದರೆ ನಂಬರ್ ಪ್ಲೇಟಿನ ಬಲ್ಬು ಉರಿಯುತ್ತಿರಲಿಲ್ಲ, ಹಿಂದಿನ ವೈಪರ್ ಕೂಡ ಓಡುತ್ತಿರಲಿಲ್ಲ. ಮೂರೂ ಒಟ್ಟಿಗೆ ಹಾಳಾಗುವುದು ಅಪರೂಪ. ಮೂರೂ ಇರುವುದು ಡಿಕ್ಕಿಯ ಬಾಗಿಲಿನಲ್ಲಿ. ಹಾಗಾದರೆ ತಪ್ಪು ಲಾಕಿನದ್ದಲ್ಲ, ಆ ಬಾಗಿಲಿಗೆ ಹೋಗುವ ದಾರಿಯದ್ದು.

ಹಿಂದಿನ ಸೀಟು ಮಡಚಿ, ನಮ್ಮಲ್ಲಿ ಸಪೂರದವನನ್ನು ಒಳಗೆ ಕಳುಹಿಸಿದೆವು. ಬಾಗಿಲಿನ ಒಳ ಹೊದಿಕೆಯಲ್ಲಿ ಒಂದು ಸಣ್ಣ ಮುಚ್ಚಳವಿತ್ತು. ಅದನ್ನು ತೆಗೆದು, ಸ್ಕ್ರೂಡ್ರೈವರಿನಿಂದ ಲಾಕಿನ ಲಿವರ್ ಸರಿಸಿದಾಗ ಡಿಕ್ಕಿ ತೆರೆಯಿತು. ಕುರ್ಚಿ ಹೊರಬಂತು. ಅರ್ಧ ಚಿಂತೆ ಅಲ್ಲಿಗೇ ಕಳೆಯಿತು.

ಪಾರ್ಕಿಂಗ್ ಲೈಟ್ ಹಾಕಿ, ನಂಬರ್ ಪ್ಲೇಟಿನ ಬಲ್ಬಿನ ಹೋಲ್ಡರಿನಲ್ಲಿ ಮೀಟರ್ ಹಿಡಿದೆವು. ಬರುವ ವಯರಿಗೂ ಅದರ ಜೊತೆಯ ಅರ್ಥ್ ವಯರಿಗೂ ನಡುವೆ ಸೊನ್ನೆ. ಅದೇ ಬರುವ ವಯರಿಗೂ ಕಾರಿನ ಬಾಡಿಯ ಬರಿಯ ಲೋಹಕ್ಕೂ ನಡುವೆ 12 ವೋಲ್ಟ್! ಕರೆಂಟು ಬರುತ್ತಿದೆ, ಮರಳಿ ಹೋಗಲು ದಾರಿಯಿಲ್ಲ. ಅರ್ಥ್ ವಯರು ತುಂಡಾಗಿದೆ ಎಂದಾಯಿತು.

ಎಲ್ಲಿ? ಬಾಡಿಗೂ ಬಾಗಿಲಿಗೂ ನಡುವೆ, ಹಿಂಜಿನ ಹತ್ತಿರ, ವಯರುಗಳ ಮೇಲೆ ಒಂದು ರಬ್ಬರ್ ಕೊಳವೆ ಇರುತ್ತದೆ. ಡಿಕ್ಕಿ ತೆರೆದಾಗ, ಮುಚ್ಚಿದಾಗ ವಯರು ಬಾಗುವುದು ಅಲ್ಲೇ. ರಬ್ಬರ್ ಸರಿಸಿದಾಗ ಅರ್ಥ್ ವಯರು ಪೂರ್ತಿ ಕಡಿದಿತ್ತು. ಇನ್ನೆರಡರ ಹೊದಿಕೆ ಸೀಳಿ ತಾಮ್ರ ಹಸಿರಾಗಿತ್ತು.

ಬ್ಯಾಟರಿಯ ನೆಗೆಟಿವ್ ಕಳಚಿ ಕೆಲಸಕ್ಕೆ ಕೈಹಾಕಿದೆವು. ಮೂರೂ ವಯರುಗಳನ್ನು ತಾಮ್ರ ಹೊಳೆಯುವವರೆಗೆ ಕತ್ತರಿಸಿದೆವು. ಹಸಿರು ಹಿಡಿದ ತಾಮ್ರಕ್ಕೆ ಬೆಸುಗೆ ಕೂರುವುದಿಲ್ಲ. ಅಷ್ಟೇ ದಪ್ಪದ, ಮೆತ್ತಗೆ ಬಾಗುವ ಹೊಸ ವಯರು ಸೇರಿಸಿದೆವು. ಬೆಸುಗೆ ಹಾಕಿದ ಜಾಗ ಗಟ್ಟಿಯಾಗುತ್ತದೆ, ಬಾಗಿದರೆ ಅದರ ಪಕ್ಕದಲ್ಲೇ ಮತ್ತೆ ತುಂಡಾಗುತ್ತದೆ. ಆದ್ದರಿಂದ ಜಾಯಿಂಟುಗಳೆಲ್ಲ ಕೊಳವೆಯ ಆಚೆ ಈಚೆ, ಬಾಗದ ಕಡೆಯಲ್ಲಿ, ಒಂದರ ಪಕ್ಕ ಒಂದು ಬಾರದಂತೆ ಇಟ್ಟೆವು. ಬಿಸಿಗೆ ಕುಗ್ಗುವ ಸ್ಲೀವನ್ನು ಬೆಸುಗೆಗೆ ಮೊದಲೇ ವಯರಿಗೆ ತೂರಿಸಿಟ್ಟುಕೊಳ್ಳಬೇಕು, ಆಮೇಲೆ ಅದಕ್ಕೆ ದಾರಿಯಿರುವುದಿಲ್ಲ.

ಬ್ಯಾಟರಿ ಜೋಡಿಸಿ ಲೈಟ್ ಹಾಕಿ ಡಿಕ್ಕಿಯನ್ನು ಇಪ್ಪತ್ತು ಸಲ ತೆರೆದು ಮುಚ್ಚಿದೆವು. ಬಲ್ಬು ಒಮ್ಮೆಯೂ ಮಿನುಗಲಿಲ್ಲ. ಲಾಕ್ ಹಳೆಯದೇ, ಈಗಲೂ ಅದೇ ಇದೆ. ಹೊಸದು ಹಾಕಿದ್ದರೂ ಆ ಕಡಿದ ವಯರಿನಿಂದ ಅದಕ್ಕೆ ಜೀವ ಬರುತ್ತಿರಲಿಲ್ಲ.

ನಿಮ್ಮ ಮನೆಯ ಕಾರಿನ ಡಿಕ್ಕಿ ಒಮ್ಮೆ ತೆರೆದು ಒಮ್ಮೆ ಹಟ ಮಾಡುತ್ತಿದೆಯೇ? ನಂಬರ್ ಪ್ಲೇಟಿನ ಬಲ್ಬು ಬಾಗಿಲು ಎತ್ತಿದಾಗ ಮಿನುಗುತ್ತದೆಯೇ? ಪೂರ್ತಿ ಕೈಕೊಡುವ ಮೊದಲೇ ಆ ರಬ್ಬರ್ ಕೊಳವೆಯನ್ನು ಸರಿಸಿ ನೋಡಿ. ಒಳಗಿನಿಂದ ತೆರೆಯುವ ಲಿವರ್ ಎಲ್ಲಿದೆ ಎಂಬುದನ್ನೂ ಇವತ್ತೇ ಹುಡುಕಿಟ್ಟುಕೊಳ್ಳಿ. ಮೀಟರ್ ಬೇಕಾದರೆ ನಮ್ಮ ಹತ್ತಿರ ಉಂಟು, ಭಾನುವಾರ ಪೂಜೆಯ ನಂತರ ಕೇಳಿ.